ಫಿಟ್ಟರ್ ತಮ್ಮನಿಗೆ ಹಿತವಚನ

ಭದ್ರಾವತಿಯಲ್ಲಿ ಐಟಿಐ ಮುಗಿಸಿ, ಫಿಟ್ಟರ್ ಸರ್ಟಿಫಿಕೇಟಿಗೆ ಲ್ಯಾಮಿನೇಷನ್ ಮಾಡಿಸಿಟ್ಟುಕೊಂಡಿರುವ ತಮ್ಮಾ, ಕಾರ್ಖಾನೆ ಕೆಲಸ ಎಲ್ಲಿ ಸಿಗುತ್ತದೆ ಎಂದು ಕೇಳಬೇಡ. ಯಾವಾಗ ಸಿಗುತ್ತದೆ ಎಂದು ಕೇಳು. ಚುನಾವಣೆಗೆ ತಿಂಗಳಿದೆ ಅನ್ನುವಾಗ ನಮ್ಮೂರಿನ ಎರಡೂ ಕಾರ್ಖಾನೆಗಳು ಮೂರು ಪಾಳಿಯಲ್ಲಿ ಭರ್ಜರಿಯಾಗಿ ಓಡುತ್ತವೆ, ವೇದಿಕೆಯ ಮೇಲೆ.

ಮೊದಲು ವಿಐಎಸ್‌ಎಲ್ ಉಕ್ಕು ಕಾರ್ಖಾನೆಯ ಗೇಟಿನ ಹತ್ತಿರ ಹೋಗಿ ನಿಲ್ಲು. 1923ರಲ್ಲಿ ಕುಲುಮೆ ಹಚ್ಚಿದವರು ತೀರಾ ಸರಳ ಬುದ್ಧಿಯವರು. ಕೆಮ್ಮಣ್ಣುಗುಂಡಿಯಲ್ಲಿ ಅದಿರಿದೆ, ಮಲೆನಾಡಿನ ಸೌದೆಯಿಂದ ಇದ್ದಿಲಾಗುತ್ತದೆ, ಭದ್ರೆಯಲ್ಲಿ ನೀರಿದೆ ಎಂದು ಲೆಕ್ಕ ಹಾಕಿ ಇಲ್ಲಿ ಕಟ್ಟಿದರು. ಕಬ್ಬಿಣ ಮಾಡಲು ಅದಿರು ಬೇಕು ಎಂಬ ಮೂಢನಂಬಿಕೆ ವಿಶ್ವೇಶ್ವರಯ್ಯನವರಿಗೂ ಇತ್ತು. 1998ರಲ್ಲಿ ಕಾರ್ಖಾನೆ ಕೇಂದ್ರದ ಉಕ್ಕು ಕಂಪನಿ ಸೇಲ್ ಜೊತೆ ವಿಲೀನವಾಯಿತು, ಮುಂದೆ ಕೆಮ್ಮಣ್ಣುಗುಂಡಿಯ ಗಣಿಗಾರಿಕೆಯೂ ನಿಂತಿತು. ಆಮೇಲೆ ಸ್ವಂತ ಗಣಿಯಿಲ್ಲದೆ ಉಕ್ಕು ಮಾಡಿಸಿ, ನಷ್ಟ ಬಂದಾಗ ಹುಬ್ಬೇರಿಸುವ ವಿದ್ಯೆ ನಮ್ಮವರಿಗೆ ಕರಗತವಾಯಿತು. ಅಕ್ಕಿಯನ್ನೇ ಅಳೆದುಕೊಡದ ಅತ್ತೆ, ಅನ್ನ ಮಾಡಲು ಬಾರದವಳೆಂದು ಸೊಸೆಯನ್ನು ತವರಿಗೆ ಅಟ್ಟಿದ ಹಾಗೆ.

ಮಾರೋಣ ಅಂದರು, ಕೊಳ್ಳುವ ಗಿರಾಕಿ ಬರಲಿಲ್ಲ. 2022ರಲ್ಲಿ ಮಾರಾಟ ಕೈಬಿಟ್ಟರು. 2023ರ ಜನವರಿಯಲ್ಲಿ ಮುಚ್ಚೋಣ ಅಂದರು. ಗುತ್ತಿಗೆ ಕಾರ್ಮಿಕರು ಗೇಟಿನ ಮುಂದೆ ಧರಣಿ ಕೂತರು. ಫೆಬ್ರವರಿಯಲ್ಲಿ ಪ್ರಧಾನಿಯವರು ಬಂದರು, ಗೇಟಿಗಲ್ಲ, ಶಿವಮೊಗ್ಗದ ಪಕ್ಕದ ಸೋಗಾನೆಗೆ. ಅಲ್ಲಿ ಕಮಲದ ಆಕಾರದ ವಿಮಾನ ನಿಲ್ದಾಣ ಉದ್ಘಾಟನೆಯಾಯಿತು. ಇದರ ಹಿಂದಿನ ದೂರದೃಷ್ಟಿಯನ್ನು ನಾವು ಯಾರೂ ಮೆಚ್ಚಲಿಲ್ಲ: ಕೆಲಸ ಕಳೆದುಕೊಂಡವನು ಕೆಂಪು ಬಸ್ಸಿನಲ್ಲೇ ಊರು ಬಿಡಬೇಕೆಂದು ಎಲ್ಲಿ ಬರೆದಿದೆ?

ಅದೇ ವರ್ಷದ ಆಗಸ್ಟಿನಲ್ಲಿ ಕಾರ್ಖಾನೆಯ ಬಾರ್ ಮಿಲ್ ಮತ್ತೆ ಶುರುವಾಯಿತು. ಸೇಲ್‌ನ ಬೇರೆ ಘಟಕದ ಉಕ್ಕು ಇಲ್ಲಿಗೆ ಬಂದು, ಕಾದು, ಸರಳಾಗಿ ಹೊರಡುತ್ತದೆ. 2024ರಲ್ಲಿ ಉಕ್ಕಿನ ಖಾತೆ ಕುಮಾರಸ್ವಾಮಿಯವರ ಕೈಗೆ ಬಂದಾಗ ಊರಿಗೆ ಊರೇ ಎದ್ದು ಕೂತಿತು. ಅವರೂ ಬಂದರು, ಕಾರ್ಖಾನೆ ಸುತ್ತಿದರು, ಪುನಶ್ಚೇತನದ ಮಾತಾಡಿದರು.

ನನಗಂತೂ ಒಂದು ಅನುಮಾನ. ಈ ಕಾರ್ಖಾನೆ ಪೂರ್ತಿ ಮುಚ್ಚುವುದೂ ಯಾರಿಗೂ ಬೇಡ, ಪೂರ್ತಿ ತೆರೆಯುವುದೂ ಬೇಡ. ತೆರೆದುಬಿಟ್ಟರೆ ಸಂಸದರು ದೆಹಲಿಗೆ ಯಾವ ಮನವಿ ಹೊತ್ತು ಹೋಗಬೇಕು? ಮುಚ್ಚಿಬಿಟ್ಟರೆ ಯಾವ ಗೇಟಿನ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳಬೇಕು? ಅರ್ಧ ತೆರೆದ ಬಾಗಿಲಿನಿಂದ ಅಧಿಕಾರಿಗೆ ಫೈಲು, ವಿರೋಧ ಪಕ್ಷಕ್ಕೆ ಪಾದಯಾತ್ರೆ, ನನ್ನಂಥವನಿಗೆ ಅಂಕಣ. ಇಷ್ಟು ಜನರ ಹೊಟ್ಟೆ ತುಂಬಿಸುವ ಉದ್ಯಮವನ್ನು ನಷ್ಟದಲ್ಲಿದೆ ಅನ್ನುವುದು ಕೃತಘ್ನತೆ.

ಹಾಗಾದರೆ ಬೆಂಗಳೂರಿನ ಪೀಣ್ಯಕ್ಕೆ ಹೋಗುತ್ತೇನೆ ಅನ್ನುತ್ತೀಯ. ಹೋಗಪ್ಪ. ಅಲ್ಲಿನ ಸೂಪರ್‌ವೈಸರ್ ‘ಭದ್ರಾವತಿಯವನಾ? ಕಬ್ಬಿಣದ ಊರು!’ ಎಂದು ಖುಷಿಯಾಗುತ್ತಾನೆ. ಆಮೇಲೆ ಎಷ್ಟು ವರ್ಷದ ಅನುಭವ ಎಂದು ಕೇಳುತ್ತಾನೆ. ಅಪ್ಪನದನ್ನು ಹೇಳಬೇಡ, ಅದನ್ನು ಅವರು ಲೆಕ್ಕಕ್ಕೆ ಹಿಡಿಯುವುದಿಲ್ಲ. ರೂಮಿನ ಬಾಡಿಗೆ, ಮೆಸ್ಸಿನ ಬಿಲ್ಲು ಕಳೆದು ಉಳಿದದ್ದನ್ನು ಊರಿಗೆ ಕಳಿಸಲು ಫೋನ್‌ಪೇ ಸಾಕು, ಮೊತ್ತ ದೊಡ್ಡದಿರುವುದಿಲ್ಲ.

ಇಲ್ಲ, ಅಮ್ಮನನ್ನು ಬಿಟ್ಟು ಹೋಗಲಾರೆ ಅಂದರೆ ಕಾಗದನಗರದ ಕಡೆ ನಡೆ. ಎಂಪಿಎಂ ಕಾಗದ ಕಾರ್ಖಾನೆ, ಮಹಾರಾಜರ ಕಾಲದ್ದು, 1936ರದ್ದು. ನಾಡಿನ ಪತ್ರಿಕೆಗಳಿಗೆ ಕಾಗದ ಕೊಟ್ಟದ್ದು. 2015ರಲ್ಲಿ ಯಂತ್ರಗಳು ನಿಂತವು, ಕಾರ್ಮಿಕರು ಸ್ವಯಂ ನಿವೃತ್ತಿ ಪಡೆದರು. ಅದರಲ್ಲಿ ‘ಸ್ವಯಂ’ ಎಷ್ಟಿತ್ತೆಂದು ಕ್ವಾರ್ಟರ್ಸ್ ಖಾಲಿ ಮಾಡಿದವರನ್ನು ಕೇಳಬೇಕು. ಆದರೆ ಕಾರ್ಖಾನೆಗೆಂದು ಕಾಡಿನಲ್ಲಿ ಬೆಳೆಸಿದ ಅಕೇಶಿಯಾ ನೆಡುತೋಪುಗಳಿವೆಯಲ್ಲ, ಅವನ್ನು ಸರ್ಕಾರ ಕೈಬಿಡಲಿಲ್ಲ. ಒಂದು ಹಾಳೆ ಕಾಗದವೂ ಹೊರಬರದ ಕಂಪನಿಗೆ 2020ರಲ್ಲಿ ಆ ಅರಣ್ಯಭೂಮಿಯ ಗುತ್ತಿಗೆಯನ್ನು ಮತ್ತೆ 40 ವರ್ಷಕ್ಕೆ ನವೀಕರಿಸಿತು. ಮಲೆನಾಡಿನವರು ಬೇಡ ಬೇಡ ಎಂದು ಕೂಗಿದರೂ.

ಗೇಟಿನ ಈಚೆ ನಿಂತವರ ಗುತ್ತಿಗೆ ಯಾವ ತಿಂಗಳು ಮುಗಿಯುತ್ತದೋ ಹೇಳಬರುವುದಿಲ್ಲ. ತಮ್ಮಾ, ಐಟಿಐ ಸೇರುವ ಬದಲು ನೀನು ಅಕೇಶಿಯಾ ಆಗಿ ಹುಟ್ಟಬೇಕಿತ್ತು.