ಚಾಯ್ಸ್ ಎರಡು

ನಮ್ಮ ಕಡೆ ಹುಡುಗರ ಭವಿಷ್ಯ ತೀರ್ಮಾನವಾಗುವುದು ಮದುವೆಮನೆಯ ಊಟದ ಪಂಕ್ತಿಯಲ್ಲಿ. ಎಲೆಗೆ ಪಲ್ಯ ಬೀಳುವ ಮೊದಲೇ ಪಕ್ಕದ ದೊಡ್ಡಪ್ಪನಿಂದ ಪ್ರಶ್ನೆ ಬೀಳುತ್ತದೆ: "ಮುಂದೇನಪ್ಪಾ?" ಹಿಂದೆಲ್ಲ ಅಷ್ಟಕ್ಕೇ ಮುಗಿಯುತ್ತಿತ್ತು. ಈಗ ದೊಡ್ಡಪ್ಪಂದಿರೂ ಯೂಟ್ಯೂಬ್ ನೋಡುತ್ತಾರೆ. "ನಿನ್ನ ಪ್ಯಾಷನ್ ಏನು?" ಎನ್ನುತ್ತಾರೆ. ನನ್ನ ಅಕ್ಕನ ಮಗ ಸ್ವಲ್ಪ ಯೋಚಿಸಿ "ಹೋಳಿಗೆ" ಎಂದ. ಆ ಹೊತ್ತಿಗೆ ಅದು ನಿಜವೇ ಆಗಿತ್ತು.

ನನಗೆ ಐವತ್ತು ದಾಟಿತು. ಹೋಟೆಲಿನಲ್ಲಿ ಮಾಣಿ ಬಂದು ನಿಂತರೆ ಮಸಾಲೆಯೋ ಸೆಟ್ಟೋ ಇವತ್ತಿಗೂ ಹೊಳೆಯುವುದಿಲ್ಲ. ಹದಿನೇಳರ ಹುಡುಗ ಇಡೀ ಬದುಕಿಗೇ ಆರ್ಡರ್ ಕೊಡಬೇಕಂತೆ! ಇವನು ಪಿಯುಸಿಗೆ ಪಿಸಿಎಂಬಿ ತೆಗೆದುಕೊಂಡದ್ದೂ ಡಾಕ್ಟರ್, ಇಂಜಿನಿಯರ್ ಎರಡೂ ಬಾಗಿಲು ತೆರೆದಿರಲಿ ಎಂದೇ. ನೀಟ್ ಫಲಿತಾಂಶ ಬಂದ ದಿನ ಒಂದು ತಾನಾಗಿಯೇ ಮುಚ್ಚಿಕೊಂಡಿತು.

ಸಿಇಟಿ ರ‍್ಯಾಂಕ್ ಬಂದಮೇಲೆ ಆಪ್ಷನ್ ಎಂಟ್ರಿಗೆ ನಾನೇ ಜೊತೆಗೆ ಹೋದೆ. ಕರ್ನಾಟಕದ ಅಸಲಿ ಕೆರಿಯರ್ ಕೌನ್ಸೆಲರ್ ಸೈಬರ್ ಸೆಂಟರಿನವನೇ ಎಂದು ತಿಳಿದದ್ದು ಅಲ್ಲಿ. ಯಾರದೋ ಜಾತಿ ಪ್ರಮಾಣಪತ್ರ ಝೆರಾಕ್ಸ್ ಮಾಡುತ್ತಾ, ತಿರುಗಿಯೂ ನೋಡದೆ, "ಸಿಎಸ್ ಮೊದ್ಲು ಹಾಕಿ, ಆಮೇಲೆ ಎಐ, ಇಸಿ. ಸಿವಿಲ್ ಕೊನೆಗಿರ್ಲಿ" ಎಂದ.

"ಹುಡುಗನ ಇಷ್ಟ ಏನೂಂತ..."

"ಬೇಗ ಹೇಳಿ ಸಾರ್, ಸರ್ವರ್ ಡೌನ್ ಆಗುತ್ತೆ."

ಪಕ್ಕದ ಕಂಪ್ಯೂಟರಿನ ಹುಡುಗಿ ತುಂಬಿದ್ದನ್ನು ನೋಡಿ ನಮ್ಮವನು ಇನ್ನಷ್ಟು ಕಾಲೇಜು ಸೇರಿಸಿದ. ಅವಳು ಇವನದನ್ನು ನೋಡಿ ಸೇರಿಸಿದಳು. ಕೊನೆಗೆ ಇವನಿಗೆ ಬಂದದ್ದು ಸಿವಿಲ್.

ಸೀಟು ಹಂಚಿಕೆಯಾದ ಮೇಲೆ ಪರೀಕ್ಷಾ ಪ್ರಾಧಿಕಾರದವರು ನಾಲ್ಕು ಚಾಯ್ಸ್ ಮುಂದಿಡುತ್ತಾರೆ. ಒಂದು, ಒಪ್ಪಿದೆ, ಸೇರುತ್ತೇನೆ. ಎರಡು, ಒಪ್ಪಿದೆ, ಆದರೆ ಮುಂದಿನ ಸುತ್ತಿನಲ್ಲಿ ಇದಕ್ಕಿಂತ ಒಳ್ಳೆಯದು ಸಿಕ್ಕರೆ ಅದೇ ಇರಲಿ. ಮೂರು, ಇದು ಬೇಡ, ಮುಂದಿನ ಸುತ್ತಿಗೆ ಬರುತ್ತೇನೆ. ನಾಲ್ಕು, ಇದೂ ಬೇಡ, ನಿಮ್ಮ ಸಹವಾಸವೂ ಬೇಡ. ಮನುಷ್ಯನ ಮನಸ್ಸನ್ನು ಇಷ್ಟು ಚೆನ್ನಾಗಿ ಬಲ್ಲ ಸರ್ಕಾರಿ ಕಚೇರಿ ಇನ್ನೊಂದಿರಲಾರದು. ನನ್ನ ಆಫೀಸಿನಲ್ಲಿ ನಿವೃತ್ತಿಗೆ ಬಂದವರೂ ಚಾಯ್ಸ್ ಎರಡರಲ್ಲೇ ಕೂತಿದ್ದಾರೆ. (ಮದುವೆಗಳ ವಿಷಯ ಎತ್ತುವುದಿಲ್ಲ. ಇದನ್ನು ಮನೆಯಲ್ಲೂ ಓದುತ್ತಾರೆ.)

ನಮ್ಮವನೂ ಎರಡನ್ನೇ ಒತ್ತಿದ. ಅಕ್ಕ ಮುಖ ಸಣ್ಣದು ಮಾಡಿಕೊಂಡಳು. ಸಮಾಧಾನಕ್ಕೆಂದು ಟಿ.ಪಿ. ಕೈಲಾಸಂ ಲಂಡನ್ನಿನಲ್ಲಿ ಭೂಗರ್ಭಶಾಸ್ತ್ರ ಓದಿ ಬಂದು, ಸರ್ಕಾರಿ ಕೆಲಸ ಬಿಟ್ಟು ನಾಟಕ ಬರೆದದ್ದನ್ನು ಹೇಳಿದೆ. ಅಕ್ಕನ ಕಿವಿಗೆ ಬಿದ್ದದ್ದು ಕೆಲಸ ಬಿಟ್ಟದ್ದು ಮಾತ್ರ. "ಅವನ ತಲೆ ಕೆಡಿಸಬೇಡ" ಎಂದಳು. ತಕ್ಷಣ ಕುಂಬ್ಳೆಯನ್ನು ಕರೆತಂದೆ: 1999ರಲ್ಲಿ ದೆಹಲಿಯಲ್ಲಿ ಪಾಕಿಸ್ತಾನದ ಹತ್ತೂ ವಿಕೆಟ್ ಕಿತ್ತವರು ಓದಿದ್ದು ಮೆಕ್ಯಾನಿಕಲ್ ಇಂಜಿನಿಯರಿಂಗ್. ಅಕ್ಕನ ಮುಖ ಅರಳಿತು. "ನೋಡಿದ್ಯಾ? ಮೊದ್ಲು ಡಿಗ್ರಿ. ಆಮೇಲೆ ಬೇಕಾದ್ರೆ ಬೌಲಿಂಗ್ ಮಾಡ್ಲಿ."

ಹುಡುಗ ಮೊಬೈಲಿನಿಂದ ತಲೆಯೆತ್ತಿ ಕೇಳಿದ: "ಮಾವ, ಕುಂಬ್ಳೆಗೆ ಮೆಕ್ಯಾನಿಕಲ್ ಎಷ್ಟನೇ ಆಪ್ಷನ್ ಇತ್ತು?"