ಹೊಟ್ಟೆಯಿಲ್ಲದ ಶತ್ರು

ಎಚ್.ಜಿ. ವೆಲ್ಸ್ ಇಂಗ್ಲೆಂಡಿನ ವೋಕಿಂಗ್ ಎಂಬ ಊರಿನಲ್ಲಿ ಸಂಸಾರ ಹೂಡಿದ್ದಾಗ, ಸೈಕಲ್ ಹತ್ತಿ ಸುತ್ತಮುತ್ತ ತಿರುಗುತ್ತ, ಮಂಗಳಗ್ರಹದವರನ್ನು ಯಾವ ಬಯಲಿನಲ್ಲಿ ಇಳಿಸುವುದು, ಯಾವ ಬೀದಿಯನ್ನು ಅವರಿಂದ ಸುಡಿಸುವುದು ಎಂದು ಗುರುತು ಮಾಡಿಕೊಳ್ಳುತ್ತಿದ್ದ. ನೆರೆಹೊರೆಯವರನ್ನೆಲ್ಲ ಕಥೆಯೊಳಗೆ ಮುಗಿಸುತ್ತಿರುವ ಖುಷಿಯನ್ನು ಸ್ನೇಹಿತೆಗೆ ಬರೆದ ಪತ್ರದಲ್ಲಿ ಮುಚ್ಚಿಟ್ಟೂ ಇಲ್ಲ. 1898ರಲ್ಲಿ ಪುಸ್ತಕವಾಗಿ ಬಂದ ‘ದಿ ವಾರ್ ಆಫ್ ದಿ ವರ್ಲ್ಡ್ಸ್’ ಬರೆದದ್ದು ಹೀಗೆ. ಭಾನುವಾರ ಮುಂಜಾನೆ ಪಕ್ಕದ ಮನೆಯಲ್ಲಿ ಟೈಲ್ಸ್ ಕತ್ತರಿಸುವ ಯಂತ್ರ ಶುರುವಾದಾಗ ನನಗೆ ವೆಲ್ಸನ ಮೇಲೆ ಇದ್ದ ಗೌರವ ಇನ್ನಷ್ಟು ಹೆಚ್ಚುತ್ತದೆ.

ಸಂಜೆ ವಾಕಿಂಗ್ ಹೋದಾಗ ನಾನೂ ಮೈಸೂರಿನ ನಮ್ಮ ಜಯಲಕ್ಷ್ಮಿಪುರಂ ಅನ್ನು ಹಾಗೇ ಅಳೆದು ನೋಡುವುದುಂಟು. ಮೊದಲ ತೊಡಕು ಜಾಗದ್ದು. ವೆಲ್ಸನ ಮಂಗಳದವರು ಬಂದಿಳಿಯುವ ಉರುಳೆಯ ಅಡ್ಡಳತೆ ಸುಮಾರು 30 ಗಜ, ಅಂದರೆ 90 ಅಡಿ. ನಮ್ಮ ಕಡೆ ದೊಡ್ಡ ಸೈಟು ಅಂದರೆ 40ಕ್ಕೆ 60. ಇಳಿಯಬೇಕಾದರೆ ಐದಾರು ಖಾತೆದಾರರ ಒಪ್ಪಿಗೆ ಬೇಕು, ಅವರಲ್ಲೊಬ್ಬರು ಅಮೆರಿಕದಲ್ಲಿ ಮಗನ ಮನೆಯಲ್ಲಿರುತ್ತಾರೆ. ಹೋಗಲಿ, ಮಹಾಜನ ಕಾಲೇಜಿನ ಆವರಣಕ್ಕೇ ಬಿತ್ತು ಅನ್ನೋಣ. ಅದರೊಳಗಿಂದ ಮಂಗಳದವರ ಮುಕ್ಕಾಲಿ ಯುದ್ಧಯಂತ್ರ ಎದ್ದು ನಿಂತು ಕಾಳಿದಾಸ ರಸ್ತೆಗೆ ಬಂತು ಅನ್ನೋಣ. ಸಂಜೆ ಏಳರ ಹೊತ್ತಿಗೆ ಅಲ್ಲಿ ಎರಡು ಚಕ್ರದ್ದನ್ನು ನಿಲ್ಲಿಸುವುದಕ್ಕೇ ಜಾಗವಿಲ್ಲ, ಮೂರು ಕಾಲಿನದು ಎಲ್ಲಿ ನಿಂತೀತು?

ಹೆದರುವವರಾದರೂ ಯಾರು? 2002ರಲ್ಲಿ ಕೆ. ಪಟ್ಟಾಭಿ ಜೋಯಿಸರು ತಮ್ಮ ಯೋಗಶಾಲೆಯನ್ನು ಲಕ್ಷ್ಮೀಪುರಂನಿಂದ ಪಕ್ಕದ ಗೋಕುಲಂಗೆ ತಂದ ಮೇಲೆ, ವಿಚಿತ್ರ ಭಂಗಿಗಳನ್ನು ಕಂಡು ಬೆಚ್ಚುವ ಅಭ್ಯಾಸ ಈ ಸುತ್ತಿನವರಿಗೆ ಪೂರ್ತಿ ತಪ್ಪಿಹೋಗಿದೆ. ಎರಡೂ ಕಾಲನ್ನು ಕತ್ತಿನ ಹಿಂದೆ ಹಾಕಿಕೊಂಡು ನಗುನಗುತ್ತ ಮಾತಾಡುವವರನ್ನು ಕಂಡ ಕಣ್ಣಿಗೆ ಮಂಗಳದವನ ಹದಿನಾರು ಕೈಬಳ್ಳಿಗಳು ಯಾವ ಲೆಕ್ಕ? ಯಂತ್ರದಿಂದ ಅವನು ತಲೆ ಹೊರಹಾಕುತ್ತಿದ್ದಂತೆ ಯಾರೋ ಒಬ್ಬರು ಸ್ಕೂಟರ್ ನಿಲ್ಲಿಸಿ ಕೇಳಿಯೇ ಕೇಳುತ್ತಾರೆ: “ರೂಮ್ ಬೇಕಾ? ಎಷ್ಟು ತಿಂಗಳಿಗೆ?”

ಹೆದರಿಸುವುದಕ್ಕೆ ರೇಡಿಯೊ ಒಳ್ಳೆಯ ಸಾಧನ. 1938ರ ಅಕ್ಟೋಬರ್ 30ರ ರಾತ್ರಿ ಆರ್ಸನ್ ವೆಲ್ಸ್ ಎಂಬ ಬೇರೊಬ್ಬ ಇದೇ ಕಥೆಯನ್ನು ವಾರ್ತೆಯ ಧಾಟಿಯಲ್ಲಿ ಬಿತ್ತರಿಸಿದಾಗ ಅಮೆರಿಕದಲ್ಲಿ ಕೆಲವರು ನಿಜವಾಗಿಯೂ ಗಾಬರಿಬಿದ್ದರು. ಉಳಿದ ಗಾಬರಿಯನ್ನು ಮರುದಿನದ ಪತ್ರಿಕೆಗಳು ಸೇರಿಸಿದವು. ಪ್ರಿನ್ಸ್‌ಟನ್ನಿನ ಮನಶ್ಶಾಸ್ತ್ರಜ್ಞ ಹ್ಯಾಡ್ಲಿ ಕ್ಯಾಂಟ್ರಿಲ್ ಅದರ ಮೇಲೊಂದು ಪುಸ್ತಕವನ್ನೇ ಬರೆದ. ನಮ್ಮಲ್ಲಿ ಕ್ರಮ ಬೇರೆ. 1935ರಲ್ಲೇ ಇಲ್ಲಿಗೆ ಕೂಗಳತೆಯ ಒಂಟಿಕೊಪ್ಪಲಿನಲ್ಲಿ, ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆ ‘ವಿಠಲ ವಿಹಾರ’ದಲ್ಲಿ 30 ವ್ಯಾಟಿನ ಪ್ರೇಷಕ ಇಟ್ಟುಕೊಂಡು ಬಾನುಲಿ ನಡೆಸುತ್ತಿದ್ದರು. ‘ಆಕಾಶವಾಣಿ’ ಅಂತ ದೇಶಕ್ಕೆಲ್ಲ ಹೆಸರು ಹೋದದ್ದು ಇಲ್ಲಿಂದ. ಅಲ್ಲಿ ರೇಡಿಯೊ ಗಾಬರಿ ಎಬ್ಬಿಸಿದ ಮೇಲೆ ಮನಶ್ಶಾಸ್ತ್ರಜ್ಞ ಬಂದ, ಇಲ್ಲಿ ಮನಶ್ಶಾಸ್ತ್ರಜ್ಞರೇ ರೇಡಿಯೊ ತಂದರು. ಮಂಗಳದವರು ಇಳಿದರೆಂದು ಅವರೇನಾದರೂ ಹೇಳಿದ್ದರೆ ಯಾರೂ ಊರು ಬಿಡುತ್ತಿರಲಿಲ್ಲ. ನೆಟ್ಟಗೆ ವಿಠಲ ವಿಹಾರದ ಗೇಟಿಗೇ ಬಂದು, “ಏನಂತೆ ಸ್ವಾಮಿ, ಎಲ್ಲಿ ಇಳಿದ್ರಂತೆ?” ಎಂದು ಕೇಳುತ್ತಿದ್ದರು.

ಇಂಥ ಪುಸ್ತಕಗಳಿಗೆ ನಮ್ಮ ಬೀದಿಯಲ್ಲಿ ನನ್ನನ್ನು ಬಿಟ್ಟರೆ ಇನ್ನೊಬ್ಬರೇ ಓದುಗರು, ಒಬ್ಬ ನಿವೃತ್ತ ಸುಬೇದಾರರು. ಹೈನ್‌ಲೈನನ ‘ಸ್ಟಾರ್‌ಶಿಪ್ ಟ್ರೂಪರ್ಸ್’ (1959) ಕೊಟ್ಟಿದ್ದೆ. ಅದರಲ್ಲಿ ಸೈನಿಕರು ಶಕ್ತಿಕವಚ ತೊಟ್ಟು ಗ್ರಹದಿಂದ ಗ್ರಹಕ್ಕೆ ಹಾರಿ, ಹುಳುಗಳಂಥ ವೈರಿಗಳ ಮೇಲೆ ಬೀಳುತ್ತಾರೆ. ಸುಬೇದಾರರು ಪುಸ್ತಕ ಹಿಂದಿರುಗಿಸುತ್ತ, “ಕವಚ ಚೆನ್ನಾಗಿದೆ. ಲಂಗರ್ ಎಲ್ಲಿ?” ಎಂದರು. ಲಂಗರ್ ಎಂದರೆ ಫೌಜಿನವರ ಅಡಿಗೆಮನೆ. ಜೋ ಹಾಲ್ಡಮನ್ನನ ‘ದಿ ಫಾರೆವರ್ ವಾರ್’ (1974) ಕೊಟ್ಟೆ. ಆತ ವಿಯೆಟ್ನಾಂನಲ್ಲಿ ಗಾಯಗೊಂಡು ಬಂದವನು. ಅವನ ಯೋಧ ಅನ್ಯಲೋಕದವರೊಡನೆ ಕಾದಾಡಿ ಮರಳುವಷ್ಟರಲ್ಲಿ ಭೂಮಿಯ ಮೇಲೆ ಶತಮಾನಗಳೇ ಕಳೆದಿರುತ್ತವೆ. “ಇವನು ಹೋಗ್ ಬಂದವನೇ ಕಣ್ರೀ” ಎಂದರು. ಪುಸ್ತಕ ಇನ್ನೂ ವಾಪಸ್ ಬಂದಿಲ್ಲ.

ಲಂಗರಿನ ಮಾತು ತಮಾಷೆಯದಲ್ಲ. ಇಂಥ ಕಾದಂಬರಿಗಳಲ್ಲಿ ತುಪಾಕಿಗೆ ಸಿಗುವಷ್ಟು ಪುಟ ತುತ್ತಿಗೆ ಸಿಗುವುದಿಲ್ಲ. ಮೈಸೂರಿನವರಿಗೆ ಇದು ಸ್ವಲ್ಪ ಅವಮಾನದ ವಿಷಯವೇ, ಏಕೆಂದರೆ ದೇಶದ ಸೇನೆಯ ತುತ್ತಿನ ಶಾಸ್ತ್ರವೆಲ್ಲ ನಮ್ಮೂರಿನ ಸಿದ್ಧಾರ್ಥನಗರದಲ್ಲಿದೆ. ರಕ್ಷಣಾ ಆಹಾರ ಸಂಶೋಧನಾ ಪ್ರಯೋಗಾಲಯ 1961ರಲ್ಲಿ ಹುಟ್ಟಿತು. 1984ರಲ್ಲಿ ರಾಕೇಶ್ ಶರ್ಮಾ ಸೋವಿಯತ್ ನೌಕೆಯಲ್ಲಿ ಆಕಾಶಕ್ಕೆ ಹೋದಾಗ ಜೊತೆಗೆ ಕಳಿಸಿದ ಭಾರತದ ತಿಂಡಿ ಅಲ್ಲಿಯದೇ. ನಾಳೆ ಮನುಕುಲ ಒಟ್ಟಾಗಿ ತಾರೆಗಳ ಮೇಲೆ ದಂಡೆತ್ತಿ ಹೋದರೆ, ನೌಕೆ ಯಾರದ್ದಾದರೂ ಇರಲಿ, ಉಪ್ಪಿಟ್ಟಿನ ಪೊಟ್ಟಣ ಹೊರಡುವುದು ಇಲ್ಲಿಂದ ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ.

ಎಚ್.ಜಿ. ವೆಲ್ಸನಿಗೂ ಈ ಗುಟ್ಟು ಗೊತ್ತಿತ್ತೆಂದು ಕಾಣುತ್ತದೆ. ಅವನ ಕಥೆಯಲ್ಲಿ ಇಂಗ್ಲೆಂಡಿನ ಫಿರಂಗಿ ಒಂದೆರಡು ಯಂತ್ರ ಕೆಡವಿದ್ದು ಬಿಟ್ಟರೆ ಏನೂ ನಡೆಯುವುದಿಲ್ಲ. ಕೊನೆಗೆ ಮಂಗಳದವರನ್ನು ಕೊಂದದ್ದು ಕಣ್ಣಿಗೆ ಕಾಣದ ಸೂಕ್ಷ್ಮಾಣು. ಜಯಲಕ್ಷ್ಮಿಪುರಂನಲ್ಲಾದರೆ ಈ ಸೇನೆ ರಾತ್ರಿಯಿಡೀ ಎಚ್ಚರವಾಗಿರುತ್ತದೆ. ಇಡ್ಲಿ ಹಿಟ್ಟನ್ನು ಉಬ್ಬಿಸುವ ಲ್ಯೂಕೋನೋಸ್ಟಾಕ್ ಪ್ರತಿ ಮನೆಯ ಪಾತ್ರೆಯಲ್ಲೂ ಬೀಡುಬಿಟ್ಟಿದೆ. ಅದರ ಚಲನವಲನ ಬಲ್ಲ ವಿಜ್ಞಾನಿಗಳು ಪಕ್ಕದ ಚೆಲುವಾಂಬ ಮ್ಯಾನ್ಷನ್ನಿನ ಆಹಾರ ಸಂಶೋಧನಾಲಯದಲ್ಲಿ 1950ರಿಂದ ಇದ್ದಾರೆ. ಅದು ನಮಗೆ ಒಗ್ಗಿದ ಜೀವಿ. ಹೊಸಬರಿಗೆ ಹೇಗೋ!

ಇದನ್ನೆಲ್ಲ ಸುಬೇದಾರರ ಮನೆಯಲ್ಲಿ ಕೂತು ವಿವರಿಸುತ್ತಿದ್ದೆ. ಒಂದು ಸಂಗತಿ ಮಾತ್ರ ಇಡ್ಲಿ ಹಿಟ್ಟಿನಿಂದ ಮಂಗಳದವರನ್ನು ಸೋಲಿಸುವ ನಮ್ಮ ಯೋಜನೆಗೆ ಅಡ್ಡಬಂತು. ವೆಲ್ಸನ ಮಂಗಳದವರಿಗೆ ಜೀರ್ಣಾಂಗವೇ ಇಲ್ಲ, ಬೇರೆ ಜೀವಿಗಳ ರಕ್ತವನ್ನು ನೇರ ತಮ್ಮ ನಾಳಕ್ಕೆ ಏರಿಸಿಕೊಳ್ಳುತ್ತಾರೆ. ಅಲ್ಲಿಯವರೆಗೂ ಒಳಗೆ ಒಗ್ಗರಣೆ ಹಾಕುತ್ತಿದ್ದ ಸುಬೇದಾರರ ಹೆಂಡತಿ ಸೌಟು ಹಿಡಿದೇ ಹೊರಗೆ ಬಂದರು.

“ಹೊಟ್ಟೇನೇ ಇಲ್ವಂತಾ?”

“ಇಲ್ಲಮ್ಮ.”

“ಮತ್ತೆ! ತಿಂಡಿ ಕಾಫಿ ಏನೂ ಇಲ್ದೆ ಅಷ್ಟು ದೂರ ಬಂದ್ರೆ ಸಿಟ್ಟು ಬರ್ದೇ ಇನ್ನೇನ್ ಬರುತ್ತೆ?”