ನಮ್ಮ ಸೀಮೆಯ ಪಡಸಾಲೆಗಳಲ್ಲಿ ಕಪ್ಪಿನ ತಾತ್ತ್ವಿಕ ನೆಲೆಗಳು: ಒಂದು ಪೂರ್ವಪ್ರಸ್ತಾವನೆ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ಪಡಸಾಲೆ ಗೋಡೆಗೆ 55 ಇಂಚಿನ ಟಿವಿ ಏರುತ್ತಿರುವ ಈ ಸಂಕ್ರಮಣ ಕಾಲದಲ್ಲಿ, ಪರದೆಯ ಕಪ್ಪು ನಿಜವಾದ ಕಪ್ಪೋ ಕಪ್ಪಿನ ಆಭಾಸವೋ ಎಂಬ ಜಿಜ್ಞಾಸೆಗೆ ವಿದ್ವತ್ ವಲಯ ಇನ್ನೂ ಮುಖಾಮುಖಿಯಾಗಿಲ್ಲ. ಆ ಕೊರತೆಯನ್ನು ಈ ಪ್ರಬಂಧ ತುಂಬುವುದಿಲ್ಲ. ಅದರ ಸುತ್ತ ಒಂದು ಸೈದ್ಧಾಂತಿಕ ಕಂಪೌಂಡು ಕಟ್ಟುತ್ತದೆ.

ಪರದೆಯ ಮತಗಳು ಐದು.

ಮೊದಲನೆಯದು ದ್ವೈತ, ಅಂದರೆ ಎಲ್‌ಸಿಡಿ. ಇಲ್ಲಿ ಬೆಳಕು ಬೇರೆ, ಚಿತ್ರ ಬೇರೆ. ಹಿಂದೆ ದೀಪಗಳು ಸದಾ ಉರಿಯುತ್ತಿರುತ್ತವೆ. ಮುಂದೆ ದ್ರವಸ್ಫಟಿಕದ ಬಾಗಿಲುಗಳು ತೆರೆದು ಮುಚ್ಚುತ್ತವೆ. ಮುಚ್ಚಿದ ಬಾಗಿಲಿನಿಂದಲೂ ಬೆಳಕು ಸೋರುವುದರಿಂದ ಈ ಮತದವರ ಕಪ್ಪು ಬೂದಿಬಣ್ಣದ್ದು. ಅಂಗಡಿಯಲ್ಲಿ ‘ಎಲ್‌ಇಡಿ ಟಿವಿ’ ಎಂದು ಮಾರುವುದೂ ಇದನ್ನೇ. ಎಲ್‌ಇಡಿ ಇರುವುದು ಬೆನ್ನಿಗೆ ಮಾತ್ರ.

ಎರಡನೆಯದು ಅದ್ವೈತ: ಓಎಲ್‌ಇಡಿ. ಚುಕ್ಕಿಯೇ ಬೆಳಕು, ಬೆಳಕೇ ಚುಕ್ಕಿ. 4ಕೆ ಪರದೆಯ 3840×2160, ಅಂದರೆ ಸುಮಾರು 83 ಲಕ್ಷ ಚುಕ್ಕಿಗಳಲ್ಲಿ ಬೇಕಾದ್ದು ಉರಿಯುತ್ತದೆ, ಬೇಡವಾದ್ದು ಪೂರ್ತಿ ಆರುತ್ತದೆ. ಆರಿದ ಚುಕ್ಕಿಯೇ ನಿರ್ಗುಣ ಕಪ್ಪು. ಆದರೆ ಇದಕ್ಕೂ ಕರ್ಮಬಂಧನ ತಪ್ಪಿಲ್ಲ: ದಿನವಿಡೀ ಒಂದೇ ಸುದ್ದಿವಾಹಿನಿ ಹಚ್ಚಿಟ್ಟರೆ, ಚಾನಲ್ ಬದಲಿಸಿದ ಮೇಲೂ ಪೂರ್ವಜನ್ಮದ ಲೋಗೋ ಮೂಲೆಯಲ್ಲಿ ನೆರಳಾಗಿ ಉಳಿಯಬಹುದು.

ಮೂರನೆಯದು ವಿಶಿಷ್ಟಾದ್ವೈತ: ಕ್ಯೂಎಲ್‌ಇಡಿ. ನೀಲಿ ಬೆಳಕು ಅತಿಸೂಕ್ಷ್ಮ ಕಣಗಳ ಹಾಳೆಯನ್ನು ಹಾಯ್ದು ಅಚ್ಚ ಕೆಂಪೂ ಅಚ್ಚ ಹಸಿರೂ ಆಗುತ್ತದೆ. ಈ ಕಣಗಳ ಶೋಧಕ್ಕೆ 2023ರ ರಸಾಯನಶಾಸ್ತ್ರದ ನೊಬೆಲ್ ಬಂತು. ಕಣಗಳ ಹೆಚ್ಚುಗಾರಿಕೆಯಲ್ಲಿ ಸಂಶಯವಿಲ್ಲ. ಸವದತ್ತಿಯ ಎಲ್ಲಮ್ಮನ ಗುಡ್ಡದಲ್ಲಿ ತೂರುವ ಭಂಡಾರದ, ಅಂದರೆ ಅರಿಸಿನಪುಡಿಯ, ಹಳದಿ ಟಿವಿಯಲ್ಲಿ ಕಾಣಬೇಕಾದರೆ ಕೆಂಪು ಹಸಿರುಗಳೇ ಕೂಡಬೇಕು. ಅವು ಶುದ್ಧವಾದಷ್ಟೂ ಭಂಡಾರ ಭಂಡಾರದಂತೆ ಕಾಣುತ್ತದೆ. ಆದರೆ ಬೆನ್ನಲ್ಲಿರುವುದು ಅದೇ ಹಳೆಯ ದ್ವೈತ. 2017ರಲ್ಲಿ ಸ್ಯಾಮ್‌ಸಂಗ್ ಈ ಹೆಸರನ್ನು ಮೆರೆಸಿದಾಗ, ಇಂಗ್ಲಿಷಿನ ‘ಓ’ಗೆ ಬಾಲ ಹಚ್ಚಿದರೆ ‘ಕ್ಯೂ’ ಆಗುತ್ತದೆಂಬುದು ಅಲ್ಲಿ ಯಾರಿಗೂ ಹೊಳೆದಿರಲಿಕ್ಕಿಲ್ಲ ಎಂದು ನಾವು ಸದ್ಭಾವದಿಂದ ನಂಬೋಣ.

ನಾಲ್ಕನೆಯ ಮಿನಿ ಎಲ್‌ಇಡಿಯನ್ನು, ಸೀಮೆಯ ಮರ್ಯಾದೆಗೆ, ಶಕ್ತಿವಿಶಿಷ್ಟಾದ್ವೈತದಲ್ಲಿ ಸೇರಿಸಬೇಕೆಂದಿದ್ದೆ. ಬೆನ್ನಿನ ದೀಪಗಳನ್ನು ಸಾವಿರಾರು ಚೂರು ಮಾಡಿ ಓಣಿ ಓಣಿಯಾಗಿ ಆರಿಸುವ ಮತವದು. ಆದರೂ ಪರದೆಯ ಚಂದ್ರನ ಸುತ್ತ ಮಬ್ಬು ಪ್ರಭೆ ಉಳಿಯುತ್ತದೆ. ಐದನೆಯದು ನೆನಪಿಗೆ ಬರುತ್ತಿಲ್ಲ. ಇರಲಿ.

ಕ್ಷೇತ್ರಕಾರ್ಯಕ್ಕೆ ಬರೋಣ. ಶೋರೂಮಿನ ಅರೆಗತ್ತಲಲ್ಲಿ ನವಿಲು ಗರಿಬಿಚ್ಚುತ್ತದೆ, ಜೇನು ಸುರಿಯುತ್ತದೆ. ನವಿಲುತೀರ್ಥದ ಸೀಮೆಯವರಿಗೇ ನವಿಲು ತೋರಿಸುವ ಧೈರ್ಯ! ನಮ್ಮ ಪಡಸಾಲೆಯ ತಲಬಾಗಿಲು ಹಗಲೆಲ್ಲ ತೆರೆದೇ ಇರುತ್ತದೆ. ಏಪ್ರಿಲ್ ಬಿಸಿಲು ಒಳಗೆ ಬಿದ್ದಾಗ ನಿರ್ಗುಣ ಕಪ್ಪು ಕನ್ನಡಿಯಾಗುತ್ತದೆ. ನಾಯಕಿ ಅಳುವ ದೃಶ್ಯದಲ್ಲಿ ಅಂಗಳದ ಎಮ್ಮೆ ಮೆಲುಕು ಹಾಕುವುದು ಕಾಣುತ್ತದೆ. ಹಗಲು ನೋಡುವ ಮನೆಗೆ ಬೇಕಾದದ್ದು ಕಪ್ಪಿನ ಆಳವಲ್ಲ, ಪರದೆಯ ಪ್ರಖರತೆ. ಇದನ್ನು ಯಾವ ಮತದವರೂ ಹೇಳಲಿಲ್ಲ. ಇನ್ನು ಚುಕ್ಕಿಗಳ ಲೆಕ್ಕ: ಕೇಬಲ್‌ನ ಸಾದಾ ಚಾನಲ್ ಕೊಡುವುದು 720×576, ನಾಲ್ಕು ಲಕ್ಷ ಚಿಲ್ಲರೆ ಚುಕ್ಕಿ. ಉಳಿದ 79 ಲಕ್ಷವನ್ನು 4ಕೆ ಟಿವಿ ತಾನೇ ಊಹಿಸಿ ತುಂಬುತ್ತದೆ. ನಾವು ಸಾಲ ಮಾಡಿ ಕೊಂಡದ್ದು ಆ ಊಹೆಯನ್ನು.

ಹೌದು, ಸಾಲ. ಪರಿಭಾಷೆ ಇಲ್ಲಿಗೆ ಸಾಕು. ಹತ್ತಿ ಮಾರಿದ ರೊಕ್ಕ ಮುಂಗಡಕ್ಕೆ, ಉಳಿದದ್ದು ಕಂತಿಗೆ. ಗ್ಯಾರಂಟಿ ಮುಗಿದ ಮೇಲೆ ಒಂದು ದಿನ ಪರದೆಯ ನಡುವೆ ಗೆರೆ ಬೀಳುತ್ತದೆ. ಪಿಕ್ಚರ್ ಟ್ಯೂಬಿನ ಕಾಲದಲ್ಲಿ ಬೆಸುಗೆ ಕಡ್ಡಿ ಹಿಡಿದು ಟಿವಿಗೆ ಜೀವ ಕೊಡುತ್ತಿದ್ದ ರಿಪೇರಿಯವನು ಬರುತ್ತಾನೆ, ನೋಡುತ್ತಾನೆ, ಕೈ ಒರೆಸಿಕೊಳ್ಳುತ್ತಾನೆ. “ಪ್ಯಾನೆಲ್ ಹೋಗೇತ್ರಿ ಕಾಕಾ. ಅದಕ್ಕ ಹಾಕೂ ರೊಕ್ಕದಾಗ ಹೊಸಾದ ಬರತೈತಿ.” ಅವನ ಕೈಯ ವಿದ್ಯೆ ಕಸಿದುಕೊಂಡವರು ಯಾರು? ಬಿಚ್ಚಲು ಬಾರದಂತೆ ಅಂಟು ಹಾಕಿದವರು, ಬಿಡಿಭಾಗ ಕೊಡದವರು, ಒಂದೇ ಮಾಲಿಗೆ ವರ್ಷಕ್ಕೊಂದು ಹೆಸರಿಡುವವರು. ಸತ್ತ ಟಿವಿಗೆ ಕಂತು ಕಟ್ಟುವ ಮನುಷ್ಯನ ಮುಂದೆ ನಿಂತು ಓಎಲ್‌ಇಡಿಯೋ ಕ್ಯೂಎಲ್‌ಇಡಿಯೋ ಎಂದು ತರ್ಕ ಮಾಡಲು ನನಗಂತೂ ಬಾಯಿ ಬರುವುದಿಲ್ಲ.

ಶೋರೂಮಿನ ಹುಡುಗನಿಗೆ ಕಾಂಟ್ರಾಸ್ಟು ಹತ್ತು ಲಕ್ಷಕ್ಕೆ ಒಂದು ಎಂಬುದು ಬಾಯಿಪಾಠ. ಪ್ಯಾನೆಲ್ ಹೋದರೆ ಎಷ್ಟಾಗುತ್ತದೆ, ಬರೆದು ಕೊಡು ಎಂದೆ.

“ಅದು ಕಂಪನಿಯವರಿಗೇ ಗೊತ್ರಿ ಸರ್” ಎಂದು ಹೇಳಿ, ರಿಮೋಟು ಒತ್ತಿ ಮತ್ತೆ ನವಿಲು ಹಚ್ಚಿದ.